ಬಾಳಪ್ಪನ ಅಂಗಡಿಯ ಕರೆನುಡಿ

ಅಂಗಡಿಗೆ ಫಲಕ ಇಲ್ಲದಿದ್ದರೂ ನಡೆದೀತು, ಬಾಗಿಲು ಸಣ್ಣದಿದ್ದರೂ ನಡೆದೀತು. ಕರೆನುಡಿ ಸರಿಯಿಲ್ಲದಿದ್ದರೆ ಮಾತ್ರ ಆ ಅಂಗಡಿ ಇದ್ದೂ ಇಲ್ಲದ ಹಾಗೆ. ಆ ಕಾಲದ ಕಾನೂನೇ ಹಾಗಿತ್ತು. ಯಾವ ವ್ಯಾಪಾರವೇ ಆಗಲಿ, ತನ್ನ ಜಾಲತಾಣಕ್ಕೆ ಮೂರೇ ಮೂರು ಕರೆನುಡಿಗಳನ್ನು ನೋಂದಾಯಿಸಿಕೊಳ್ಳಬಹುದಿತ್ತು. ಹುಡುಕುವವರ ಮನಸ್ಸಿನಲ್ಲಿ ಆ ಮೂರರಲ್ಲಿ ಒಂದು ಮೂಡಿದರೆ ಅಂಗಡಿ ಅವರಿಗೆ ಕಾಣುತ್ತದೆ, ಮೂಡದಿದ್ದರೆ ಇಲ್ಲ. ಆರು ತಿಂಗಳಿಗೊಮ್ಮೆ ನುಡಿ ಬದಲಾಯಿಸಲು ಅವಕಾಶ. ಒಂದು ಅವಧಿಯಲ್ಲಿ ನಲವತ್ತು ಜನರಾದರೂ ಒಪ್ಪಿ ಬರಬೇಕು; ಮೂರು ಅವಧಿ ಸಾಲಾಗಿ ಬಾರದಿದ್ದರೆ ಅಂಗಡಿಯ ಹೆಸರನ್ನೇ ಹುಡುಕುಪಟ್ಟಿಯಿಂದ ತೆಗೆದುಬಿಡುತ್ತಿದ್ದರು. ಬೆಳಗಾವಿಯ ಶಹಾಪುರದ ಓಣಿಯಲ್ಲಿದ್ದ ಬಾಳಪ್ಪನ ಪಾದರಕ್ಷೆಯ ಅಂಗಡಿ ಆಗಲೇ ಎರಡು ಅವಧಿ ಸೋತಿತ್ತು. ಮೂರನೆಯದಕ್ಕೆ ನುಡಿ ಕೊಡಲು ಆರು ದಿನ ಉಳಿದಿತ್ತು.

ನಗು ಬರುವ ಸಂಗತಿಯೆಂದರೆ, ಬಾಳಪ್ಪನ ಸೊಸೆ ವೈಜಯಂತಿ ಕೆಲಸ ಮಾಡುತ್ತಿದ್ದುದೇ ಟಿಳಕವಾಡಿಯ ಕರೆನುಡಿ ಕಾರ್ಯಾಲಯದಲ್ಲಿ. ಜಿಲ್ಲೆಯ ವ್ಯಾಪಾರಿಗಳಿಗೆ ಯಾವ ನುಡಿ ಆರಿಸಬೇಕೆಂದು ಸಲಹೆ ಕೊಡುವುದು ಅವಳ ಉದ್ಯೋಗ. ಅವಳು ಆರಿಸಿಕೊಟ್ಟ ನುಡಿಯಿಂದ ಖಾನಾಪುರದ ಕುಂಬಾರರ ಹಂಚು ಗೋವೆಯ ತನಕ ಹೋಗುತ್ತಿತ್ತು. ಮನೆಯ ಅಂಗಡಿಗೆ ಮಾತ್ರ ಒಂದು ನುಡಿಯೂ ಕೂಡಿಬಂದಿರಲಿಲ್ಲ. ಗೋವೆಯ ಬಂದರಿನಲ್ಲಿ ಕೆಲಸಕ್ಕಿದ್ದ ಅವಳ ಗಂಡ ತುಕಾರಾಮ ಭಾನುವಾರ ಬಂದಾಗಲೆಲ್ಲ ಅದನ್ನೇ ಹಿಡಿದು ಕಾಡುತ್ತಿದ್ದ. ಮೊದಮೊದಲು ಅವಳೂ ನಗುತ್ತಿದ್ದಳು, ಈಚೆಗೆ ಆ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಬಂತು ಎಂದು ಕೇಳುವವರಿಗೆ ಕಿವಿಹರಳಿನ ಕಥೆ ಹೇಳಬೇಕು. ಹಿಂದೆ ಜನ ಹುಡುಕಬೇಕಾದರೆ ಅಕ್ಷರ ಒತ್ತುತ್ತಿದ್ದರು. ಸರ್ಕಾರಿ ಕಚೇರಿಗೆ ಅರ್ಜಿ ಬರೆಯುವವರ ಗತ್ತು ಆಗ ಅವರಿಗೆ ತಾನಾಗಿ ಬರುತ್ತಿತ್ತು. 'ನಲ್ಲಿ ದುರಸ್ತಿ ಸೇವೆ, ಹತ್ತಿರದ್ದು' ಎಂದೇ ಬರೆಯುತ್ತಿದ್ದರು. ವ್ಯಾಪಾರಿಗಳೂ ಅಂಥ ನೂರಾರು ಪದಗಳನ್ನು ತಮ್ಮ ಜಾಲತಾಣಗಳಲ್ಲಿ ತುಂಬಿ, ಮಾರದ ಸರಕಿಗೂ ಗಿರಾಕಿಗಳನ್ನು ಎಳೆಯುತ್ತಿದ್ದರು. ಆಮೇಲೆ ಕಿವಿಹರಳು ಬಂತು. ನಾವು ನಮ್ಮಷ್ಟಕ್ಕೆ ಮಾತಾಡಿಕೊಂಡಾಗಲೂ ನಾಲಿಗೆಯ ಬುಡ ಮತ್ತು ಗಂಟಲಿನ ಸ್ನಾಯುಗಳು ಸಣ್ಣಗೆ ಅಲುಗುತ್ತವೆಯಂತೆ. ಕಿವಿಯ ಓಲೆಯಷ್ಟಿರುವ ಆ ಹರಳು ದವಡೆಯ ಎಲುಬಿನ ಮೂಲಕ ಅದನ್ನು ಹಿಡಿಯುತ್ತಿತ್ತು. ಕಿವಿಯನ್ನು ಒಮ್ಮೆ ತಟ್ಟಿದರೆ ಆಗಷ್ಟೇ ಮನಸ್ಸಿನಲ್ಲಿ ಆಡಿಕೊಂಡ ಮಾತು ಹುಡುಕಾಟಕ್ಕೆ ಹೋಗುತ್ತಿತ್ತು. ಬಂದ ಉತ್ತರ ಸರಿಯಿಲ್ಲ ಅನಿಸಿದರೆ ಎರಡು ಸಲ ತಟ್ಟಬೇಕು. ಅದಕ್ಕೆ 'ಇದಲ್ಲ' ಎಂದು ಅರ್ಥ. ಹಳೆಯ ಮೋಸ ಇಲ್ಲಿಗೂ ಬರಬಾರದೆಂದು ಮೂರೇ ನುಡಿಯ ಕಾನೂನು ಮಾಡಿ, ಹೆಚ್ಚು ಜನ 'ಇದಲ್ಲ' ಎಂದ ನುಡಿಯನ್ನು ಕಿತ್ತುಕೊಳ್ಳತೊಡಗಿದರು.

ತಲೆಯೊಳಗೆ ಯಾರೂ 'ನಲ್ಲಿ ದುರಸ್ತಿ ಸೇವೆ' ಎನ್ನುವುದಿಲ್ಲ. 'ಥೂ, ಮತ್ತ ಸೋರಾಕತ್ತೈತಿ' ಎನ್ನುತ್ತಾರೆ. ಗಾಂಧಿನಗರದ ಒಬ್ಬ ನಲ್ಲಿ ರಿಪೇರಿಯವನಿಗೆ ವೈಜಯಂತಿ ಆ ಬೈಗುಳವನ್ನೇ ಕರೆನುಡಿಯಾಗಿ ಕೊಟ್ಟಿದ್ದಳು. ಅವನಿಗೆ ಮೂರು ತಿಂಗಳಲ್ಲಿ ಊಟಕ್ಕೆ ಪುರುಸೊತ್ತಿಲ್ಲದಷ್ಟು ಕೆಲಸ ಬಂತು. ಮಾರುವವನು ತನ್ನ ಸರಕಿಗೆ ಇಟ್ಟ ಹೆಸರು ಬೇರೆ, ಬೇಕಾದವನು ಅದಕ್ಕಾಗಿ ಒದ್ದಾಡುವಾಗ ಮನಸ್ಸಿನಲ್ಲಿ ಆಡುವ ಮಾತು ಬೇರೆ ಎಂಬುದು ಅವಳ ವಿದ್ಯೆಯ ಮೊದಲ ಪಾಠ. ಇದನ್ನು ಅವಳು ನೂರಾರು ವ್ಯಾಪಾರಿಗಳಿಗೆ ಬಿಡಿಸಿ ಹೇಳಿದ್ದಳು. ಮಾವನಿಗೆ ಹೇಳಿ ಒಪ್ಪಿಸುವುದು ಮಾತ್ರ ಆಗಿರಲಿಲ್ಲ.

ಬಾಳಪ್ಪ ಅಥಣಿಯ ಚರ್ಮದ ಕೆಲಸದ ಮನೆಯಲ್ಲಿ ಹುಟ್ಟಿದವನು. ಬೆಳಗಾವಿಗೆ ಬಂದ ಹೊಸದರಲ್ಲಿ ಒಬ್ಬ ಡಾಕ್ಟರು ಅವನನ್ನು ಆಸ್ಪತ್ರೆಗೆ ಕರೆದೊಯ್ದು, ಸ್ಪರ್ಶ ಕಳೆದುಕೊಂಡ ಪಾದಗಳನ್ನು ತೋರಿಸಿದರು. ಸಕ್ಕರೆ ಕಾಯಿಲೆ ಹಳೆಯದಾದರೆ ಕೆಲವರ ಪಾದಗಳಲ್ಲಿ ನರ ಸಾಯುತ್ತದೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಹುಣ್ಣಾಗಿ ಬೆರಳು ಹೋದಮೇಲೆಯೇ ಎಚ್ಚರವಾಗುತ್ತದೆ. ಅಂಥವರಿಗೆ ಮೊಳೆಯಿಲ್ಲದ, ಮೆತ್ತನೆಯ ತಳದ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಬೇಕು. ಬಾಳಪ್ಪ ಅದನ್ನು ಕಲಿತ, ಆಮೇಲೆ ಗಿರಾಕಿಗಳಿಗೆ ಬೇರೆ ಚಪ್ಪಲಿ ಮಾಡುವುದನ್ನೇ ಬಿಟ್ಟ. ಹಗಲೆಲ್ಲ ಓಡಾಡಿ ಪಾದ ಬಾತಿರುತ್ತದೆಂದು ಸಂಜೆ ಐದರ ಮೇಲೆಯೇ ಅಳತೆ ತೆಗೆಯುತ್ತಿದ್ದ. ಬಂದವರ ಕಾಲು ನೋಡುವ ಮೊದಲು ಹಳೆಯ ಚಪ್ಪಲಿ ಕೇಳುತ್ತಿದ್ದ. ಅದನ್ನು ಮಗುಚಿ, ಒಳಗೆ ಬೆರಳಾಡಿಸಿ, ಅವರು ಹೇಗೆ ನಡೆಯುತ್ತಾರೆ, ಎಲ್ಲಿ ಭಾರ ಹಾಕುತ್ತಾರೆ ಎಂದು ಹೇಳಿಬಿಡುತ್ತಿದ್ದ. ಆಮೇಲೆ ಕಂದು ಕಾಗದದ ಮೇಲೆ ಪಾದ ಇಡಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುತ್ತಿದ್ದ. ಅಂಗಡಿಯ ಗೋಡೆಯ ತುಂಬ ಅಂಥ ಪಾದಗಳೇ ತೂಗುತ್ತಿದ್ದವು. ಅನೇಕ ಪಾದಗಳಲ್ಲಿ ನಾಲ್ಕೇ ಬೆರಳು, ಕೆಲವುಗಳಲ್ಲಿ ಮೂರು.

ಮೊದಲ ಅವಧಿಯಲ್ಲಿ ಬಾಳಪ್ಪ ಹಟ ಹಿಡಿದು 'ಚಪ್ಪಲಿ' ಎಂಬ ನುಡಿಯನ್ನೇ ಕೊಡಿಸಿದ್ದ. ಮದುವೆಗೆ ಮಿರಿಮಿರಿ ಚಪ್ಪಲಿ ಬೇಕಾದವರು, ಮಕ್ಕಳಿಗೆ ಶಾಲೆಯ ಬೂಟು ಬೇಕಾದವರು ಸಾವಿರಗಟ್ಟಲೆ ಬಂದು 'ಇದಲ್ಲ' ಎಂದು ತಟ್ಟಿ ಹೋದರು. ಒಂಬತ್ತನೆಯ ದಿನ ಕಾರ್ಯಾಲಯ ಆ ನುಡಿಯನ್ನು ಕಿತ್ತುಕೊಂಡಿತು. ಎರಡನೆಯ ಸಲ ವೈಜಯಂತಿಯೇ ಯೋಚಿಸಿ 'ಕಾಲು ನೋವು' ಎಂದು ಕೊಟ್ಟಳು. ಮೊಣಕಾಲು ಹಿಡಿದವರು, ಮೀನಖಂಡ ಸೆಳೆತದವರು ಬಂದು ಅವರೂ ತಟ್ಟಿದರು. ಅದರ ಜೊತೆಗೇ ಕೊಟ್ಟ 'ಸಕ್ಕರೆ ಕಾಯಿಲೆಯ ಪಾದರಕ್ಷೆ' ಎಂಬ ನುಡಿಯಿಂದ ಹನ್ನೊಂದು ಜನ ಸರಿಯಾದವರೇ ಬಂದರು. ಆದರೆ ಆ ಹೆಸರನ್ನು ಅವರಿಗೆ ಹೇಳಿಕೊಟ್ಟಿದ್ದು ಆಸ್ಪತ್ರೆ, ಅದೂ ಬೆರಳು ಕತ್ತರಿಸಿದ ಮೇಲೆ.

ಹನ್ನೊಂದನೆಯವನು ಬಂದು ಹೋದ ದಿನ ಬಾಳಪ್ಪ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಸೊಸೆಯತ್ತ ತಿರುಗಿದ.

"ಬರ್ತಾರವಾ, ಬರೂದಿಲ್ಲಂತ ಅಲ್ಲ. ಕಳಕೊಂಡ ಮ್ಯಾಲ ಬರ್ತಾರ. ಅದಕಿಂತ ಒಂದ ವರ್ಷ ಮೊದಲ ಬಂದಿದ್ರ ಬೆರಳು ಉಳೀತಿತ್ತು. ಆ ಒಂದ ವರ್ಷ ಮೊದಲ ಅವರು ಏನಂತ ಹುಡುಕ್ತಾರ, ಅದನ್ನ ಹುಡುಕಿ ಕೊಡು ನನಗ."

ಕೇಳಿದ್ದು ನ್ಯಾಯವೇ. ಆದರೆ ವೈಜಯಂತಿಗೆ ದಾರಿ ಕಾಣಲಿಲ್ಲ. ಸೋರುವ ನಲ್ಲಿಗೆ ಬೈಗುಳವಿದೆ, ನೋಯುವ ಹಲ್ಲಿಗೆ ನರಳಾಟವಿದೆ. ನೋವೇ ಇಲ್ಲದ ಪಾದಕ್ಕೆ ಮನುಷ್ಯ ಏನು ಮಾತಾಡುತ್ತಾನೆ? ಮಾತೇ ಇಲ್ಲದ ಕಡೆ ಕರೆನುಡಿಯನ್ನು ಎಲ್ಲಿಂದ ತರುವುದು?

ಕಾರ್ಯಾಲಯದ ಮೂರನೆಯ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆಯಿತ್ತು. ಗೋಡೆಯ ತುಂಬ ಇದ್ದ ಪರದೆಯ ಮೇಲೆ ಜಿಲ್ಲೆಯ ಜನ ಆಗಾಗ ಕಿವಿ ತಟ್ಟಿ ಕಳಿಸಿದ ಮಾತುಗಳು ಹರಿಯುತ್ತಿದ್ದವು. ಯಾರು ಆಡಿದ್ದು, ಯಾವ ಮನೆಯಲ್ಲಿ ಆಡಿದ್ದು ಎಂಬುದು ಅಲ್ಲಿಗೆ ಬರುತ್ತಿರಲಿಲ್ಲ; ಮಾತು, ಅದರ ಹಿಂದೆ ಮುಂದೆ ಆಡಿದ್ದು, ಅದನ್ನು ಎಷ್ಟು ಜನ ಆಡಿದರು, ಎಷ್ಟು ಜನ 'ಇದಲ್ಲ' ಎಂದು ತಟ್ಟಿದರು, ಅಷ್ಟೇ. ಆ ಕೋಣೆಯ ಹಿರಿಯ ಅಧಿಕಾರಿ ಫಾರೂಕ್ ನದಾಫ್. ನಿವೃತ್ತಿಗೆ ಒಂದು ವರ್ಷವಿದ್ದ ಅವರು ಯಾರಿಗೂ ಬೇಡವಾದ ಒಂದು ಪಟ್ಟಿಯನ್ನು ಪ್ರೀತಿಯಿಂದ ಸಾಕಿಕೊಂಡಿದ್ದರು. ಅದಕ್ಕೆ ಅನಾಥ ನುಡಿಗಳೆಂದು ಹೆಸರು. ನೂರಾರು ಜನ ಆಡುವ, ಆದರೆ ಯಾವ ಉತ್ತರ ಕೊಟ್ಟರೂ 'ಇದಲ್ಲ' ಎಂದೇ ತಟ್ಟುವ ಮಾತುಗಳು ಅಲ್ಲಿ ಸೇರುತ್ತಿದ್ದವು. ವ್ಯಾಪಾರವಿಲ್ಲದ ಪಟ್ಟಿ ಎಂದು ಕಿರಿಯರು ಅದರತ್ತ ನೋಡುತ್ತಿರಲಿಲ್ಲ.

ಸೋಮವಾರ, ಮಂಗಳವಾರ ಎರಡು ದಿನವೂ ವೈಜಯಂತಿ ತನ್ನ ಊಟದ ವಿರಾಮದಲ್ಲಿ ಆ ಪಟ್ಟಿಯ ಮುಂದೆ ಕೂತಳು. ಸಲಹೆಗಾರರು ಸ್ವಂತ ಮನೆಯವರಿಗೂ ಸಲಹೆ ಕೊಡಬಹುದು, ಆದರೆ ಕಚೇರಿಯ ಹೊತ್ತಿನಲ್ಲಿ ಅಲ್ಲ. ಪಟ್ಟಿಯಲ್ಲಿ ಏನೇನೋ ಇತ್ತು. 'ಅವನ ಹೆಸರ ನಾಲಿಗಿ ಮ್ಯಾಲ ಐತಿ' ಎಂದು ಮುನ್ನೂರು ಜನ. 'ಇವತ್ತ ಏನೋ ಮರತೀನಿ' ಎಂದು ಸಾವಿರದಷ್ಟು. ಪಾದದ ಬಗ್ಗೆ, ನರದ ಬಗ್ಗೆ, ಸಕ್ಕರೆಯ ಬಗ್ಗೆ ಒಂದೂ ಇಲ್ಲ. ಎರಡು ದಿನ ಊಟ ಬಿಟ್ಟಿದ್ದಷ್ಟೇ ಬಂತು.

ಮಂಗಳವಾರ ಸಂಜೆ ಮನೆಗೆ ಬಂದರೆ ಹೊಸಿಲಲ್ಲಿ ಅತ್ತೆ ಸತ್ಯವ್ವ ನಿಂತಿದ್ದಳು. ಕೈಯಲ್ಲಿ ಕಾಯಿಪಲ್ಲೆಯ ಚೀಲ, ಬಲಗಾಲಲ್ಲಿ ಚಪ್ಪಲಿ, ಎಡಗಾಲು ಬರಿದು. ಪೇಟೆಗೆ ಹೋಗುವಾಗ ಎರಡೂ ಇದ್ದವು, ಬರುವಾಗ ಒಂದೇ ಉಳಿದಿತ್ತು. ಎಲ್ಲಿ ಬಿಟ್ಟೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆ ವರ್ಷ ಹೀಗಾಗುತ್ತಿದ್ದುದು ಅದು ನಾಲ್ಕನೆಯ ಸಲ; ಹಿಂದಿನ ಮೂರು ಸಲವೂ ಹೋಗಿದ್ದು ಎಡಗಾಲಿನದೇ, ಬಾಳಪ್ಪ ಅದೊಂದನ್ನೇ ಹೊಸದಾಗಿ ಹೊಲಿದುಕೊಟ್ಟಿದ್ದ. ಚಪ್ಪಲಿ ಮಾಡುವವನ ಹೆಂಡತಿ ಓಣಿಗೆಲ್ಲ ಚಪ್ಪಲಿ ದಾನ ಮಾಡುತ್ತಾಳೆಂದು ಬಾಳಪ್ಪ ಒಳಗಿನಿಂದಲೇ ನಗೆಯಾಡಿದ. ಸತ್ಯವ್ವನೂ ನಕ್ಕಳು. ವೈಜಯಂತಿಗೆ ನಗಲಾಗಲಿಲ್ಲ. ಅತ್ತೆಗೆ ಮರೆವಿನ ಕಾಯಿಲೆ ಶುರುವಾಯಿತೇನೋ ಎಂಬ ಹೆದರಿಕೆ ಅವಳಿಗೆ ತಿಂಗಳುಗಳಿಂದ ಇತ್ತು. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಸತ್ಯವ್ವನ ಚಪ್ಪಲಿಗೆ ಬೇರೆಯೇ ಒಂದು ಕಥೆಯಿತ್ತು. ಹೆಂಡತಿಯ ಕಾಲನ್ನು ಗಂಡ ಮುಟ್ಟಬಾರದು ಎಂಬುದು ಬಾಳಪ್ಪನ ಮನೆತನದಲ್ಲಿ ನಡೆದು ಬಂದ ರೂಢಿ. ಮುಟ್ಟಿದರೆ ಹೆಂಡತಿಗೆ ಕೇಡು ಎಂದು ಹಿರಿಯರು ಹೇಳುತ್ತಿದ್ದರಂತೆ. ಹಾಗಾಗಿ ಮದುವೆಯ ವರ್ಷ ಬಾಳಪ್ಪನ ಅಕ್ಕ ಅಥಣಿಯಲ್ಲಿ ಸತ್ಯವ್ವನ ಪಾದದ ಅಳತೆ ತೆಗೆದು ಕಟ್ಟಿಗೆಯ ಅಚ್ಚು ಮಾಡಿಸಿದ್ದಳು. ಬಾಳಪ್ಪ ಪ್ರತಿ ದೀಪಾವಳಿಗೆ ಅದೇ ಅಚ್ಚಿನ ಮೇಲೆ, ಹೆಬ್ಬೆರಳಿಗೆ ಕುಣಿಕೆಯಿದ್ದ ಒಂದು ಜೋಡಿ ಅಥಣಿ ಚಪ್ಪಲಿ ಹೊಲಿದುಕೊಡುತ್ತಿದ್ದ. ಮೂವತ್ತೊಂದು ದೀಪಾವಳಿಯೂ ಅದೇ ಅಳತೆ. ಸತ್ಯವ್ವ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಎಂಟು ವರ್ಷದ ಹಿಂದೆ ಅವಳಿಗೆ ಸಕ್ಕರೆ ಬಂದಾಗಿನಿಂದ ಬಾಳಪ್ಪ ಪ್ರತಿ ತಿಂಗಳೂ ತಪ್ಪದೆ ಕೇಳುತ್ತಿದ್ದ, ಕಾಲು ನೋಯುತ್ತದೆಯೇ ಎಂದು. ಇಲ್ಲ ಎನ್ನುತ್ತಿದ್ದಳು. ಅವನು ನಿಶ್ಚಿಂತನಾಗುತ್ತಿದ್ದ.

ಬುಧವಾರ ವೈಜಯಂತಿ ಅನಾಥ ನುಡಿಗಳ ಪಟ್ಟಿಯ ಕೆಳಭಾಗಕ್ಕೆ ಬಂದಿದ್ದಳು. ನಡುಮಧ್ಯಾಹ್ನದ ಹೊತ್ತಿಗೆ ಒಂದು ಸಾಲು ಕಣ್ಣಿಗೆ ಬಿತ್ತು.

'ಚಪ್ಪಲಿ ಎಲ್ಲಿ ಕಳಚಿತೋ ಏನೋ.'

ಆರು ತಿಂಗಳಲ್ಲಿ ಆರುನೂರ ಹದಿನೆಂಟು ಜನ ಅದನ್ನು ಆಡಿದ್ದರು. ಯಂತ್ರ ತನ್ನ ಬುದ್ಧಿಗೆ ತೋಚಿದಂತೆ ಅವರನ್ನೆಲ್ಲ ನೆನಪಿನ ಶಕ್ತಿಯ ಔಷಧಿ ಮಾರುವವರ ಹತ್ತಿರ ಕಳಿಸಿತ್ತು, ಕೆಲವರನ್ನು ಹೊಸ ಚಪ್ಪಲಿಯ ಅಂಗಡಿಗೆ. ನೂರಕ್ಕೆ ತೊಂಬತ್ತೇಳು ಜನ ಎರಡು ಸಲ ತಟ್ಟಿ, ಇದಲ್ಲ ಎಂದಿದ್ದರು. ವೈಜಯಂತಿಯ ಕಣ್ಣ ಮುಂದೆ ಬಂದಿದ್ದು ಮಾವನ ಅಂಗಡಿಯಲ್ಲ, ಹೊಸಿಲಲ್ಲಿ ನಿಂತ ಅತ್ತೆ. ಇಷ್ಟು ಜನಕ್ಕೆ ಮರೆವು ಹಿಡಿದಿದೆಯೇ ಎಂದು ನದಾಫರನ್ನು ಕೇಳಿದಳು.

ನದಾಫರು ಕನ್ನಡಕ ಏರಿಸಿ ಆ ಸಾಲನ್ನು ನೋಡಿದರು. ಮರೆಯುವವರು ಒಂದನ್ನೇ ಮರೆಯುವುದಿಲ್ಲ, ಅವರ ಮಾತಿನಲ್ಲಿ ಕೀಲಿಕೈ, ಕನ್ನಡಕ, ಹಾಲಿನ ಪಾತ್ರೆ ಎಲ್ಲವೂ ಬರಬೇಕು ಎಂದರು. ಆ ಮಾತಿನ ಹಿಂದೆ ಮುಂದೆ ಜನ ಏನು ಆಡುತ್ತಾರೆಂದು ತೆಗೆದು ನೋಡಿದರೆ ಕೀಲಿಕೈ ಇರಲಿಲ್ಲ, ಕನ್ನಡಕ ಇರಲಿಲ್ಲ. ಹಿಂದಿನ ಮಾತು ಬಸ್ಸಿನ ಹೊತ್ತು ಕೇಳಿದ್ದು, ಸಂತೆಯ ದರ ಕೇಳಿದ್ದು, ಎಲ್ಲ ನೆಟ್ಟಗಿದ್ದವರ ಮಾತು. ಕಳೆದುಹೋಗುತ್ತಿದ್ದುದು ಚಪ್ಪಲಿ ಮಾತ್ರ, ಅದೂ ಬಹಳ ಸಲ ಒಂದೇ ಕಾಲಿನದು.

"ತಲಿ ಮರತಿಲ್ಲ ವೈಜಯಂತಿ. ಮರತದ್ದು ಮತ್ತೇನೋ ಐತಿ. ಅದೇನಂತ ನನಗ ತಿಳೀವಲ್ದು," ಎಂದರು ನದಾಫರು.

ಅತ್ತೆಯ ನೆನಪನ್ನು ವೈಜಯಂತಿ ಮನಸ್ಸಿನಲ್ಲೇ ಪರೀಕ್ಷೆ ಮಾಡಿದಳು. ತನ್ನ ಮದುವೆಗೆ ಯಾರು ಯಾವ ಬಣ್ಣದ ಸೀರೆ ತಂದಿದ್ದರು ಎಂಬುದು ಸತ್ಯವ್ವನಿಗೆ ಈಗಲೂ ಗೊತ್ತು. ಓಣಿಯ ಎಲ್ಲ ಮಕ್ಕಳ ಹುಟ್ಟಿದ ದಿನ ಗೊತ್ತು. ತುಕಾರಾಮ ಎರಡನೆಯ ತರಗತಿಯಲ್ಲಿ ಹೇಳಿದ ಸುಳ್ಳು ಕೂಡ ಗೊತ್ತು. ಆಕೆ ಮರೆವಿನವಳಲ್ಲ. ಹಾಗಾದರೆ ಚಪ್ಪಲಿ ಹೋಗುವುದು ಹೇಗೆ? ಇದನ್ನು ಕೇಳಬೇಕಾದ ಮನುಷ್ಯ ಒಬ್ಬನೇ ಎಂದು ಅವಳಿಗೆ ಹೊಳೆಯಲು ಗುರುವಾರದ ಸಂಜೆಯಾಯಿತು. ಮನೆಯಲ್ಲೇ ಇರುವ ಪಂಡಿತನ ನೆನಪು ನಮಗೆ ಕೊನೆಗೇ ಬರುತ್ತದೆ.

ಬಾಳಪ್ಪ ಅಂಗಡಿಯಲ್ಲಿ ಒಂದು ತಳ ಕೊಯ್ಯುತ್ತಿದ್ದ. ಅಂಗಡಿಯ ಹಿಂದಿನ ಬಾಗಿಲ ಆಚೆಯೇ ಮನೆಯ ನಡುಮನೆ. ಸತ್ಯವ್ವ ಅಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ವೈಜಯಂತಿ ನುಡಿಯನ್ನು ಓದಿ ಹೇಳಿದಾಗ ಬಾಳಪ್ಪನಿಗೆ ಸಿಟ್ಟೇ ಬಂತು. ಮೂವತ್ತು ವರ್ಷದ ಕಸುಬಿಗೆ ಕಳೆದುಹೋದ ಚಪ್ಪಲಿಯ ಗೊಣಗಾಟವನ್ನು ಹೆಸರಾಗಿ ಇಡುವುದೇ, ಅದು ಚಮ್ಮಾರನ ಮಾತಲ್ಲ, ಅಂಗಡಿಗೆ ಮರ್ಯಾದೆ ಬೇಡವೇ ಎಂದ. ವೈಜಯಂತಿ ವಾದಕ್ಕೆ ಹೋಗಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಮಾವಾರ, ನಡಿಯೂ ಮನಷ್ಯಾನ ಕಾಲಿಂದ ಚಪ್ಪಲಿ ಕಳಚಿ ಬಿದ್ರೂ ಅವಗ ತಿಳೀದ ಇರತೈತೇನ್ರಿ?"

"ತಿಳೀದ ಏನ ಆಗತೈತಿ. ಹೆಬ್ಬೆರಳು ಕುಣಿಕಿ ಹಿಡದಿರತೈತಿ, ಜಾರಿದ ಕೂಡ್ಲೆ ಗೊತ್ತಾಗತೈತಿ," ಎಂದ ಬಾಳಪ್ಪ, ಕೈ ಕೆಲಸ ನಿಲ್ಲಿಸದೆ. "ಬೆರಳು ಹಿಡೀದಿದ್ರ ಮಾತ್ರ ಹೋಗತೈತಿ. ನರ ಸತ್ತ ಕಾಲು ಹಿಡಿಯೂದಿಲ್ಲ. ಬಿಟ್ಟದ್ದೂ ಅದಕ್ಕ ಗೊತ್ತಾಗೂದಿಲ್ಲ..."

ಕೊಯ್ಯುತ್ತಿದ್ದ ಕೈ ನಿಂತಿತು. ಹೊಸಿಲ ಪಕ್ಕದಲ್ಲಿ ಸತ್ಯವ್ವನ ಒಂಟಿ ಚಪ್ಪಲಿ ಮಂಗಳವಾರದಿಂದ ಬಿದ್ದಿತ್ತು. ಬಾಳಪ್ಪ ಎದ್ದು ಹೋಗಿ ಅದನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದು ಕುಣಿಕೆಯೊಳಗೆ ಬೆರಳಾಡಿಸಿದ. ಒಂದು ವರ್ಷ ತೊಟ್ಟ ಚಪ್ಪಲಿಯ ಕುಣಿಕೆಯಲ್ಲಿ ಹೆಬ್ಬೆರಳು ಒತ್ತಿ ಒತ್ತಿ ಗುಳಿ ಬಿದ್ದಿರಬೇಕು. ಇದರಲ್ಲಿ ಹೊಲಿದ ದಿನದ ಹೊಳಪು ಹಾಗೇ ಇತ್ತು. ಗಿರಾಕಿಗಳ ಸಾವಿರ ಚಪ್ಪಲಿಗಳಲ್ಲಿ ಅವನು ಈ ಗುರುತನ್ನು ಓದಿ ಹೇಳಿದ್ದ. ಮನೆಯ ಹೊಸಿಲಲ್ಲಿದ್ದದ್ದನ್ನು ಒಮ್ಮೆಯೂ ಮಗುಚಿ ನೋಡಿರಲಿಲ್ಲ.

ಅವನು ಹೋಗಿ ಹೆಂಡತಿಯ ಮುಂದೆ ನೆಲದ ಮೇಲೆ ಕೂತ. ಕಾಲು ಚಾಚು ಎಂದ. ಸತ್ಯವ್ವ ಗಾಬರಿಯಿಂದ ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡಳು. ಸೊಸೆ ನಿಂತಿದ್ದಾಳೆ, ಇದೇನು ವಿಪರೀತ ಎಂದು ಮೆಲ್ಲಗೆ ಗದರಿದಳು.

"ಕೇಡು ಬರೂದಿದ್ರ ನನಗ ಬರ್ಲಿ. ಚಾಚು."

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಬಾಳಪ್ಪ ಹೆಂಡತಿಯ ಪಾದವನ್ನು ಕೈಯಲ್ಲಿ ಹಿಡಿದ. ಎಡಗಾಲಿನ ಕಿರುಬೆರಳಿನ ಬುಡದಲ್ಲಿ ಕಪ್ಪಗೆ ಒಂದು ಗಾಯವಿತ್ತು. ಸುತ್ತ ಬಿಸಿಯಾಗಿತ್ತು. ಅವನು ಚಿಮಟದಿಂದ ಮೆಲ್ಲನೆ ಎಳೆದಾಗ ಹೊರಬಂದಿದ್ದು ಅವನದೇ ಅಂಗಡಿಯ ಹೊಲಿಗೆಸೂಜಿಯ ಮುರಿದ ತುದಿ. ಆ ಸೂಜಿ ಮುರಿದು ಹನ್ನೆರಡು ದಿನವಾಗಿತ್ತು; ಅಂದು ಎಷ್ಟು ಹುಡುಕಿದರೂ ತುದಿ ಸಿಕ್ಕಿರಲಿಲ್ಲ. ಸತ್ಯವ್ವ ಅದನ್ನು ಪಾದದಲ್ಲಿಟ್ಟುಕೊಂಡೇ ಪೇಟೆಗೆ ಹೋಗಿ ಬಂದಿದ್ದಳು, ನೀರು ತುಂಬಿದ್ದಳು. ಎಳೆಯುವಾಗಲೂ ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು, ಯಾಕೆ ಅಳುತ್ತಿದ್ದಾನೆಂದು ಅವಳಿಗೆ ತಿಳಿಯಲಿಲ್ಲ.

ಆಸ್ಪತ್ರೆಗೆ ಹೊರಡುವ ಮೊದಲು ಬಾಳಪ್ಪ ಒಂದು ಕಂದು ಕಾಗದ ತಂದು ಹಾಸಿದ. ವೈಜಯಂತಿಗೆ ಅದು ಹೊತ್ತಲ್ಲದ ಹೊತ್ತು ಅನಿಸಿತು, ಆಟೋ ಬಾಗಿಲಲ್ಲಿ ನಿಂತಿತ್ತು. ಆದರೂ ತಡೆಯಲಿಲ್ಲ. ಅವನು ಹೆಂಡತಿಯ ಪಾದವನ್ನು ಕಾಗದದ ಮೇಲಿಟ್ಟು, ಐದು ಬೆರಳಿನ ಸುತ್ತಲೂ ನಿಧಾನವಾಗಿ ಪೆನ್ಸಿಲು ಎಳೆದ.

ಶುಕ್ರವಾರ ಬೆಳಿಗ್ಗೆ ಡಾಕ್ಟರು ಕಿರುಬೆರಳನ್ನು ತೆಗೆದರು. ಕೀವು ಎಲುಬಿಗೆ ಇಳಿದಿತ್ತು, ಪಾದ ಉಳಿಯಿತೆಂದು ಸಮಾಧಾನಪಟ್ಟುಕೊಳ್ಳಿ ಎಂದರು. ಒಂದು ವಾರ ಮೊದಲು ಬಂದಿದ್ದರೆ ಎಂದು ಬಾಳಪ್ಪ ಕೇಳಿದ. ಬೆರಳೂ ಉಳಿಯುತ್ತಿತ್ತು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಈ ಮಾತನ್ನು ಅವನೇ ಎಷ್ಟೋ ಗಿರಾಕಿಗಳಿಗೆ ಹೇಳಿದ್ದ. ಕೇಳುವವನ ಜಾಗದಲ್ಲಿ ನಿಂತು ಕೇಳಿದ್ದು ಅದೇ ಮೊದಲು.

ವೈಜಯಂತಿಗೂ ತನ್ನ ತಪ್ಪು ಕಾಣುತ್ತಿತ್ತು. ಮರೆವು ಎಂದು ಯಂತ್ರ ಊಹಿಸಿತು, ಅವಳೂ ಊಹಿಸಿದಳು. ಯಂತ್ರಕ್ಕಾದರೆ ಪಾದವಿಲ್ಲ, ಅದನ್ನು ದೂರಿ ಫಲವಿಲ್ಲ. ಅವಳು ಅದೇ ಮನೆಯಲ್ಲಿ ದಿನವೂ ಆ ಒಂಟಿ ಚಪ್ಪಲಿಯನ್ನು ದಾಟಿ ಓಡಾಡಿದ್ದಳು. ಅತ್ತೆಯ ಹಾಸಿಗೆಯ ಪಕ್ಕ ಕೂತಾಗ ಈ ಮಾತನ್ನು ಹೇಳಿಕೊಂಡು ಅತ್ತಳು. ಸತ್ಯವ್ವ ಸೊಸೆಯ ತಲೆ ಸವರಿ, ಅಳುವುದು ಸಾಕು, ನಾಳೆ ಕೊನೆಯ ದಿನವಲ್ಲವೇ, ನಿನ್ನ ಆ ನುಡಿಯ ಕೆಲಸ ಮುಗಿಸು ಎಂದಳು. ಆಮೇಲೆ ಯೋಚಿಸಿ ಇನ್ನೊಂದು ಮಾತು ಸೇರಿಸಿದಳು.

"ಒಂದ್ ವರ್ಷದಿಂದ ನೆಲಾ ಮೆತ್ತಗಾದಂಗ ಆಗಿತ್ತವಾ ನನಗ. ಹತ್ತಿ ಮ್ಯಾಲ ನಡದಂಗ. ಹೊಸಾ ಫರಸಿ ಕಲ್ಲ ಹಾಕ್ಸೀವಲ್ಲ, ಅದಕ್ಕ ಹಂಗ ಅಂತ ತಿಳ್ಕೊಂಡಿದ್ದೆ. ಇದು ಹೇಳೂ ಮಾತ ಅಂತ ಅನಿಸಲೇ ಇಲ್ಲ."

ವೈಜಯಂತಿ ಕಣ್ಣೊರೆಸಿಕೊಂಡು ಬರೆದುಕೊಂಡಳು.

ಶನಿವಾರ ಮಧ್ಯಾಹ್ನ ಬಾಳಪ್ಪ ಆಸ್ಪತ್ರೆಯಿಂದ ನೇರವಾಗಿ ಕಾರ್ಯಾಲಯಕ್ಕೆ ಬಂದ. ಮೂರನೆಯ ಮಹಡಿಯ ಕೋಣೆಯನ್ನು ಅವನು ನೋಡುತ್ತಿದ್ದುದು ಅಂದೇ ಮೊದಲು. ಪರದೆಯ ಮೇಲೆ ಹರಿಯುವ ಮಾತುಗಳನ್ನು ಬಹಳ ಹೊತ್ತು ನಿಂತು ಓದಿದ. ಇಷ್ಟೊಂದು ಜನ ತಮ್ಮೊಳಗೇ ಮಾತಾಡಿಕೊಳ್ಳುತ್ತಾರೆಯೇ ಎಂದು ನದಾಫರನ್ನು ಕೇಳಿದ. ಮನೆಯಲ್ಲಿ ಕೇಳುವವರು ಕಡಿಮೆಯಾದಷ್ಟೂ ಇಲ್ಲಿ ಜಾಸ್ತಿಯಾಗುತ್ತದೆ ಎಂದು ನದಾಫರು ಉತ್ತರಿಸಿದರು. ಬಾಳಪ್ಪ ನುಡಿ ಬರೆಸಲು ಸೊಸೆಯ ಮೇಜಿನ ಮುಂದೆ ಕೂತ.

ಮೊದಲ ನುಡಿ, 'ಚಪ್ಪಲಿ ಎಲ್ಲಿ ಕಳಚಿತೋ ಏನೋ'. ಎರಡನೆಯದು, 'ಹತ್ತಿ ಮ್ಯಾಲ ನಡದಂಗ ಆಗತೈತಿ'. ಮೂರನೆಯ ಜಾಗವನ್ನು ಏನು ಮಾಡಬೇಕೆಂದು ವೈಜಯಂತಿ ಕೇಳಿದಾಗ ಖಾಲಿ ಬಿಡು ಎಂದ. ಬಂದವರು ಹೇಳುತ್ತಾರೆ, ಆಮೇಲೆ ತುಂಬಿದರಾಯಿತು ಎಂಬುದು ಅವನ ಲೆಕ್ಕ. ಹೆಬ್ಬೆಟ್ಟನ್ನು ಗಾಜಿನ ಮೇಲೆ ಒತ್ತಿ ನೋಂದಣಿ ಮುಗಿಸಿದ.

ನುಡಿ ಸಿಕ್ಕರೆ ಸಾಲದು, ಆ ನುಡಿ ಹಿಡಿದು ಬಂದವರಿಗೆ ಬಾಗಿಲಲ್ಲೇ ಉತ್ತರ ಕಾಣಬೇಕು. ಇಲ್ಲದಿದ್ದರೆ ಇವರೂ ಎರಡು ಸಲ ತಟ್ಟಿ ಹೋಗುತ್ತಾರೆ. ವೈಜಯಂತಿ ಜಾಲತಾಣದ ಮುಖಪುಟದಿಂದ ಚಪ್ಪಲಿಗಳ ಚಿತ್ರಗಳನ್ನೆಲ್ಲ ತೆಗೆದುಹಾಕಿದಳು. ಅಲ್ಲಿ ನಾಲ್ಕು ಸಾಲು ಬರೆದಳು. ಚಪ್ಪಲಿ ಕಳಚಿದ್ದು ನಿಮಗೆ ತಿಳಿಯದಿದ್ದರೆ ನಿಮ್ಮ ನೆನಪಿನ ತಪ್ಪಲ್ಲದಿರಬಹುದು. ಒಂದು ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳಿ. ಗಾಯವಿದ್ದರೆ ಇಂದೇ ಡಾಕ್ಟರ ಹತ್ತಿರ ಹೋಗಿ. ಇಲ್ಲದಿದ್ದರೆ ಉಳಿದ ಚಪ್ಪಲಿಯನ್ನು ತೆಗೆದುಕೊಂಡು ನಮ್ಮಲ್ಲಿಗೆ ಬನ್ನಿ, ಸಂಜೆ ಐದರ ಮೇಲೆ.

ಮೊದಲ ಎರಡು ವಾರ ಯಾರೂ ಬರಲಿಲ್ಲ. ಮೂರನೆಯ ವಾರ ಗೋಕಾಕದಿಂದ ಒಬ್ಬ ಹೆಣ್ಣುಮಗಳು ಬಂದಳು, ಅವಳ ಹಿಂದೆ ಸಂಕೇಶ್ವರದ ಇಬ್ಬರು. ನಾಲ್ಕನೆಯ ತಿಂಗಳಲ್ಲಿ ನಲವತ್ತು ದಾಟಿತು. 'ಇದಲ್ಲ' ಎಂದು ತಟ್ಟುವವರು ಅಲ್ಲೊಬ್ಬ ಇಲ್ಲೊಬ್ಬ ಎಂಬಷ್ಟಾದರು. ನದಾಫರು ತಮ್ಮ ಪಟ್ಟಿಯಿಂದ ಆ ಸಾಲನ್ನು ಅಳಿಸಿ, ಅದಕ್ಕೊಂದು ಮನೆ ಸಿಕ್ಕಿತು ಎಂದು ಕೋಣೆಯವರಿಗೆಲ್ಲ ಕುಂದಾ ಹಂಚಿದರು. ಆಗ ಕಿರಿಯರೂ ಆ ಪಟ್ಟಿ ತೆರೆದು ನೋಡತೊಡಗಿದರು.

ಐದನೆಯ ತಿಂಗಳ ಒಂದು ಸಂಜೆ ಸಿಂದಗಿಯಿಂದ ಗುರುಲಿಂಗಪ್ಪ ಎಂಬ ಹಿರಿಯ ಮಾಸ್ತರರು ಬಂದರು. ಕೈಯಲ್ಲಿ ಕಾಗದ ಸುತ್ತಿದ ಒಂದು ಚಪ್ಪಲಿ. ಕಾಲಲ್ಲಿ ಮಗನ ಹಳೆಯ ಬೂಟು. ಅಂಗಡಿಯ ಬಾಗಿಲಲ್ಲಿ ಕನ್ನಡಿ ಹಿಡಿದು ಕೂರುವುದು ಈಗ ಸತ್ಯವ್ವನ ಕೆಲಸವಾಗಿತ್ತು. ಇನ್ನೊಂದು ಚಪ್ಪಲಿ ಎಲ್ಲಿ ಎಂದು ಕೇಳಿದಾಗ ಮಾಸ್ತರರು ನಾಚಿಕೊಂಡರು. ಬಸ್ ನಿಲ್ದಾಣದಲ್ಲೋ ಶಾಲೆಯ ಅಂಗಳದಲ್ಲೋ ಗೊತ್ತಿಲ್ಲ, ಮನೆಯಲ್ಲಿ ಎಲ್ಲರೂ ಅರಳುಮರಳು ಎಂದು ನಗುತ್ತಾರೆ, ನಾನೂ ಹಾಗೆಯೇ ಎಂದುಕೊಂಡಿದ್ದೆ ಎಂದರು.

"ನಂದೂ ಹಂಗ ಹೋಗಿತ್ತರೀ, ನಾಕ ಸಲ," ಎಂದಳು ಸತ್ಯವ್ವ. "ಕೂಡ್ರಿ. ಮೊದಲ ಅಂಗಾಲು ನೋಡೂಣು."

ಒಳಗೆ ಕೂತ ಮಾಸ್ತರರ ಕಣ್ಣು ಗೋಡೆಯ ಮೇಲೆ ಹೋಯಿತು. ಎಲ್ಲ ಕಾಗದಗಳ ನಡುವೆ ಎರಡನ್ನು ಮಾತ್ರ ಪಕ್ಕಪಕ್ಕದಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದರು. ಎರಡೂ ಒಂದೇ ಎಡಗಾಲಿನ ಗೆರೆ. ಒಂದರಲ್ಲಿ ಐದು ಬೆರಳು, ಇನ್ನೊಂದರಲ್ಲಿ ನಾಲ್ಕು. ಯಾರದೆಂದು ಅವರು ಕೇಳಿದರು. ಬಾಳಪ್ಪ ಪೆನ್ಸಿಲು ಹೆರೆಯುತ್ತ, ನೀವು ಆಡಿದ ಮಾತನ್ನು ಈ ಮನೆಯಲ್ಲಿ ಮೊದಲು ಆಡಿದವಳದು, ನಾವು ಕೇಳಿಸಿಕೊಳ್ಳಲಿಲ್ಲ ಎಂದ. ಸತ್ಯವ್ವ ಕನ್ನಡಿ ಒರೆಸುತ್ತಿದ್ದಳು.

ಕಚೇರಿಯಿಂದ ಬಂದ ವೈಜಯಂತಿ ಹೊಸಿಲಲ್ಲೇ ನಿಂತು ನೋಡಿದಳು. ಬಾಳಪ್ಪ ಕಂದು ಕಾಗದ ಹಾಸಿದ. ಮಾಸ್ತರರ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ಅದರ ಮೇಲಿಟ್ಟ. ಹಿಮ್ಮಡಿಯಿಂದ ಶುರುಮಾಡಿ, ಬದಿಯಲ್ಲಿ ಬಂದು, ಒಂದೊಂದೇ ಬೆರಳಿನ ಸುತ್ತ ಗೆರೆ ಎಳೆದ. ಕಿರುಬೆರಳನ್ನು ಸುತ್ತಿ ಮುಗಿಸಿದ ಮೇಲೆ ಕಾಗದವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಎಣಿಸಿದ. ಐದೂ ಇದ್ದವು.